ರೈಲ್ವೆ ಕಂಪನಿಗೆ ಊರಿನ ಅಹವಾಲು ಸಲ್ಲಿಸುವ ಕ್ರಮ: ಕಾರವಾರದಿಂದ ಭಟ್ಕಳದವರೆಗಿನ ಹಳಿ ಪಕ್ಕದವರಿಗೆ

ಮಳೆಗಾಲ ಹತ್ತಿರವಾದಂತೆ ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ರೈಲ್ವೆ ಒಡ್ಡಿನ ಮೋರಿಯಲ್ಲಿ ಹೂಳು ತುಂಬಿ ಗದ್ದೆಯಲ್ಲಿ ನೀರು ನಿಲ್ಲುತ್ತಿದೆ, ಯಾರಿಗೆ ಬರೆಯಬೇಕು? ಹಳಿ ದಾಟುವ ಕಾಲುದಾರಿಗೆ ಬೇಲಿ ಬಿದ್ದಿದೆ, ಅಂಡರ್‌ಪಾಸ್ ಕೇಳಬಹುದೇ? ಕಂಪನಿಯವರು ವರದಿಯಲ್ಲಿ ಪರಿಸರ, ಸುಸ್ಥಿರತೆ ಎಂದೆಲ್ಲ ಬರೆದುಕೊಳ್ಳುತ್ತಾರಲ್ಲ, ಅದನ್ನೇ ಹಿಡಿದು ಏನಾದರೂ ಕೇಳಲು ಬರುತ್ತದೆಯೇ? ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದು ಸಾಕಾಗಿರುವುದರಿಂದ, ನನಗೆ ತಿಳಿದಿರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಇಡುತ್ತಿದ್ದೇನೆ.

ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಮಾಡಿಕೊಳ್ಳೋಣ. ಕಂಪನಿಗಳ ವರದಿಗಳಲ್ಲಿ ‘ಸ್ಟೇಕ್‌ಹೋಲ್ಡರ್’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ಕಂಪನಿಯ ಕೆಲಸದಿಂದ ಯಾರಿಗೆ ಲಾಭವೋ ನಷ್ಟವೋ ತಟ್ಟುತ್ತದೆಯೋ, ಅವರೆಲ್ಲರೂ ಇದರಲ್ಲಿ ಸೇರುತ್ತಾರೆ: ಪ್ರಯಾಣಿಕರು, ನೌಕರರು, ಸರಕು ಕಳಿಸುವವರು, ಷೇರುದಾರರು, ಹಾಗೆಯೇ ಹಳಿಯ ಬುಡದಲ್ಲಿ ಗದ್ದೆ ಇರುವ ನೀವು. ಇದನ್ನು ಕೆಲವು ಪ್ರಕಟಣೆಗಳಲ್ಲಿ ‘ಮಧ್ಯಸ್ಥಗಾರರು’ ಎಂದು ಕನ್ನಡಕ್ಕೆ ತಂದಿರುವುದನ್ನು ನೋಡಿದ್ದೇನೆ. ನಾವು ಯಾರ ಜಗಳದ ಮಧ್ಯಸ್ಥಿಕೆಗೂ ಹೋದವರಲ್ಲವಾದ್ದರಿಂದ ಈ ಲೇಖನದಲ್ಲಿ ‘ಹಿತಸಂಬಂಧಿಗಳು’ ಎಂದು ಬರೆಯುತ್ತೇನೆ. ಎರಡನೆಯದು ‘ಸುಸ್ಥಿರತೆ’. ಇಂದಿನ ಸಂಚಾರ ನಡೆಯಬೇಕು, ಆದರೆ ಅದಕ್ಕಾಗಿ ನೆಲ, ನೀರು, ಕಾಡು, ನೆರೆಯವರ ಬದುಕು ಕೆಡಬಾರದು ಎಂಬ ಹೊಣೆಗೆ ಇಟ್ಟ ಹೆಸರು ಅದು. ವಿದ್ಯುತ್ ಎಂಜಿನ್ ಮತ್ತು ಸೌರ ಫಲಕ ಮಾತ್ರ ಸುಸ್ಥಿರತೆಯಲ್ಲ, ನಿಮ್ಮ ಗದ್ದೆಯ ನೀರು ಹಿಂದಿನಂತೆ ಹೊಳೆಗೆ ಹರಿಯುವುದೂ ಅದರೊಳಗೇ ಬರುತ್ತದೆ.

ಇನ್ನು ಕಂಪನಿಯ ವಿಚಾರ. ನಮ್ಮ ಕರಾವಳಿಯ ಹಳಿಯನ್ನು ನಡೆಸುವುದು ಕೊಂಕಣ ರೈಲ್ವೆ ನಿಗಮ. ಇದು 1990ರಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸರ್ಕಾರಿ ಕಂಪನಿ. ಸ್ಥಾಪನೆಯ ಸಮಯದಲ್ಲಿ ಇದರ ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 51, ಮಹಾರಾಷ್ಟ್ರಕ್ಕೆ ಶೇ. 22, ಕರ್ನಾಟಕಕ್ಕೆ ಶೇ. 15, ಗೋವಾ ಮತ್ತು ಕೇರಳಕ್ಕೆ ತಲಾ ಶೇ. 6 ಪಾಲು ಇತ್ತು. ಅಂದರೆ ನಮ್ಮ ರಾಜ್ಯ ಸರ್ಕಾರವೂ ಇದರ ಷೇರುದಾರ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿಗಮದ ಕೇಂದ್ರ ಕಚೇರಿ ನವಿ ಮುಂಬೈನ ಬೇಲಾಪುರದಲ್ಲಿದೆ, ಪ್ರಾದೇಶಿಕ ಕಚೇರಿಗಳು ರತ್ನಾಗಿರಿ ಮತ್ತು ಕಾರವಾರದಲ್ಲಿವೆ. ಅಸ್ನೋಟಿಯಿಂದ ಭಟ್ಕಳದವರೆಗಿನ ನಿಮ್ಮ ಪತ್ರ ಸಾಮಾನ್ಯವಾಗಿ ಮೊದಲು ಹೋಗಬೇಕಾದದ್ದು ಕಾರವಾರದ ಪ್ರಾದೇಶಿಕ ರೈಲ್ವೆ ವ್ಯವಸ್ಥಾಪಕರಿಗೆ.

ಹಂತಗಳಿಗೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಹಳಿಯ ಮೇಲೆ ಬಂಡೆ ಉರುಳಿದ್ದರೆ, ಧರೆಯಲ್ಲಿ ಹೊಸ ಬಿರುಕು ಕಂಡರೆ, ಒಡ್ಡಿನ ಮಣ್ಣು ಕೊಚ್ಚಿ ಹೋಗುತ್ತಿದ್ದರೆ ಈ ಲೇಖನವನ್ನು ಬದಿಗಿಡಿ. ಅದು ಪತ್ರ ಬರೆಯುವ ಸಮಯವಲ್ಲ. ಕೂಡಲೇ 139 ಸಂಖ್ಯೆಗೆ ಕರೆಮಾಡಿ, ಹತ್ತಿರದ ಸ್ಟೇಷನ್ ಮಾಸ್ಟರ್‌ಗೋ ಗೇಟಿನವರಿಗೋ ಹಳಿ ಕಾವಲಿನ ಸಿಬ್ಬಂದಿಗೋ ತಿಳಿಸಿ. ಜೀವಾಪಾಯವಿದ್ದರೆ 112ಕ್ಕೂ ಹೇಳಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದದ್ದನ್ನು ಕಂಡ ನಮಗೆ, ಕಡಿದ ಗುಡ್ಡದ ಕೆಳಗೆ ಕಾಯುತ್ತ ಕೂರುವುದು ಎಂಥದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಹಂತ 1: ಹೊಣೆ ಯಾರದ್ದೆಂದು ವಿಂಗಡಿಸಿ

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ನನ್ನ ಊರಿನವರಿಗಾಗಿ ನಾನು ಮೊದಲ ಸಲ ಮನವಿ ಬರೆದಾಗ ಹದಿನಾಲ್ಕು ಬೇಡಿಕೆಗಳನ್ನು ಒಂದೇ ಕಾಗದದಲ್ಲಿ ತುಂಬಿದ್ದೆ: ರೈಲು ನಿಲುಗಡೆಯಿಂದ ಹಿಡಿದು ಮೋರಿಯ ಹೂಳಿನವರೆಗೆ. ಉತ್ತರ ಬಂದದ್ದು ನಿಲುಗಡೆಯ ಬಗ್ಗೆ ಮಾತ್ರ, ಅದೂ ‘ಪರಿಶೀಲನೆಯಲ್ಲಿದೆ’ ಎಂದು. ತಪ್ಪು ನನ್ನದೇ. ಹದಿನಾಲ್ಕು ಬೇಡಿಕೆಗಳು ಐದು ವಿಭಾಗಗಳಿಗೆ ಸೇರಿದ್ದವು, ಕಾಗದ ತಲುಪಿದ್ದು ಒಂದೇ ಮೇಜಿಗೆ.

ಹಳಿ ಪಕ್ಕದ ತೊಂದರೆಗಳ ಮಟ್ಟಿಗೆ ನಿಮಗೆ ಬೇಕಾದ ಮುಖ್ಯ ಕಾನೂನು 1989ರ ರೈಲ್ವೆ ಕಾಯ್ದೆಯ 16 ಮತ್ತು 17ನೇ ಕಲಮುಗಳು. ಇವುಗಳಲ್ಲಿ ಬರುವ ‘ಅಕಾಮಡೇಷನ್ ವರ್ಕ್ಸ್’ ಎಂಬ ಪದಕ್ಕೆ ವಸತಿಯೊಂದಿಗೆ ಯಾವ ಸಂಬಂಧವೂ ಇಲ್ಲ. ರೈಲುಮಾರ್ಗ ಬಂದದ್ದರಿಂದ ಅಕ್ಕಪಕ್ಕದ ಜಮೀನಿನವರಿಗೆ ಆದ ಅಡಚಣೆಯನ್ನು ಸರಿಪಡಿಸಲು ಕಟ್ಟಿಕೊಡಬೇಕಾದ ದಾಟುದಾರಿ, ಸೇತುವೆ, ಮೋರಿ, ಕಾಲುವೆಗಳಿಗೆ ಆ ಹೆಸರು. 16ನೇ ಕಲಮು ಇವನ್ನು ಕಟ್ಟುವ ಮತ್ತು ಕಾಪಾಡುವ ಎರಡೂ ಕರ್ತವ್ಯಗಳನ್ನು ರೈಲ್ವೆ ಆಡಳಿತದ ಮೇಲೆ ಹೊರಿಸುತ್ತದೆ. ನೀರಿನ ವಿಷಯದಲ್ಲಂತೂ ಅದರ ಮಾತು ಬಹಳ ನಿಚ್ಚಳವಾಗಿದೆ: ಮಾರ್ಗ ಬರುವ ಮೊದಲು ಜಮೀನಿನಿಂದ ನೀರು ಎಷ್ಟು ಸರಾಗವಾಗಿ ಹರಿಯುತ್ತಿತ್ತೋ ಅಷ್ಟೇ ಸರಾಗವಾಗಿ, ಅಥವಾ ಸಾಧ್ಯವಾದಷ್ಟು ಅದಕ್ಕೆ ಸಮೀಪವಾಗಿ, ಎಲ್ಲ ಕಾಲದಲ್ಲೂ ಹರಿಯಲು ಸಾಲುವಷ್ಟು ಅಳತೆಯ ಮೋರಿ ಮತ್ತು ಕಾಲುವೆ ಇರಬೇಕು. ಎಷ್ಟು ಅಳತೆ ಸಾಕು ಎಂಬುದನ್ನು ತೀರ್ಮಾನಿಸುವುದು ರಾಜ್ಯ ಸರ್ಕಾರದ ಅಭಿಪ್ರಾಯವೇ ಹೊರತು ರೈಲ್ವೆಯದ್ದಲ್ಲ.

ಆದರೆ ಅದೇ ಕಲಮಿನಲ್ಲಿ ಒಂದು ಅವಧಿಯ ಮಿತಿಯೂ ಇದೆ. ಮಾರ್ಗ ಸಾರ್ವಜನಿಕ ಸಂಚಾರಕ್ಕೆ ತೆರೆದುಕೊಂಡು ಹತ್ತು ವರ್ಷ ಕಳೆದ ಮೇಲೆ, ಹೆಚ್ಚುವರಿ ಕಾಮಗಾರಿಯನ್ನು ತನ್ನ ಖರ್ಚಿನಲ್ಲಿ ಮಾಡಿಕೊಡುವ ಬಾಧ್ಯತೆ ರೈಲ್ವೆಗೆ ಇರುವುದಿಲ್ಲ. ಕೊಂಕಣ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡದ್ದು 1998ರ ಜನವರಿ 26ರಂದು. ಆ ದಿನದಿಂದ ಲೆಕ್ಕ ಹಿಡಿದರೂ 2008ಕ್ಕೆ ಅವಧಿ ಮುಗಿದಿದೆ. ಅದರ ನಂತರ ಹೊಸ ಅಂಡರ್‌ಪಾಸ್ ಅಥವಾ ಹೊಸ ಮೋರಿ ಬೇಕಾದರೆ 17ನೇ ಕಲಮಿನ ದಾರಿ ಹಿಡಿಯಬೇಕು. ಜಮೀನಿನ ಮಾಲೀಕರು, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಕೇಳಬಹುದು, ರೈಲ್ವೆ ಒಪ್ಪಿದರೆ ಕಟ್ಟಬಹುದು, ಖರ್ಚು ಕೇಳಿದವರದ್ದು. ಕಚೇರಿಯ ಭಾಷೆಯಲ್ಲಿ ಇದನ್ನು ‘ಡಿಪಾಸಿಟ್ ವರ್ಕ್’ ಎನ್ನುತ್ತಾರೆ, ಅಂದರೆ ಮುಂಗಡವಾಗಿ ಹಣ ಕಟ್ಟಿ ಮಾಡಿಸುವ ಕೆಲಸ.

ಇದರಿಂದ ನಿಮ್ಮ ಅಹವಾಲು ಎರಡು ಕವಲಾಗುತ್ತದೆ. ಇರುವ ಮೋರಿ ಹೂಳು ತುಂಬಿದೆ, ಬಾಯಿ ಕುಸಿದಿದೆ, ಪಕ್ಕದ ಚರಂಡಿ ಮುಚ್ಚಿದೆ ಎಂದಾದರೆ ಅದು ನಿರ್ವಹಣೆ. ಅದಕ್ಕೆ ಹತ್ತು ವರ್ಷದ ಮಾತು ಅನ್ವಯಿಸುವುದಿಲ್ಲ, ಹೊಣೆ ಇಂದಿಗೂ ಕಂಪನಿಯದ್ದೇ. ಇಲ್ಲದ ಮೋರಿ ಬೇಕು, ಇಲ್ಲದ ದಾಟುದಾರಿ ಬೇಕು ಎಂದಾದರೆ ಅದು ಹೊಸ ಕಾಮಗಾರಿ. ಅದಕ್ಕೆ ಪಂಚಾಯತಿ, ಶಾಸಕರು, ಜಿಲ್ಲಾಡಳಿತ, ಬೆಂಗಳೂರಿನಲ್ಲಿ ರೈಲ್ವೆ ಯೋಜನೆಗಳನ್ನು ನೋಡಿಕೊಳ್ಳುವ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ ಇವರ ಮೂಲಕ ಹಣದ ದಾರಿ ಹುಡುಕಬೇಕು. ರಾಜ್ಯ ಷೇರುದಾರ ಎಂಬ ಸಂಗತಿ ಕೆಲಸಕ್ಕೆ ಬರುವುದು ಇಲ್ಲಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ, ಹೊಸ ಕಾಮಗಾರಿಗೆ ಕೊಡುವ ‘ಅವಧಿ ಮೀರಿದೆ’ ಎಂಬ ಉತ್ತರವೇ ನಿರ್ವಹಣೆಗೂ ಸೇರಿ ಬಂದುಬಿಡುತ್ತದೆ.

ಇನ್ನೆರಡು ಅಪವಾದಗಳನ್ನು ಪರಿಶೀಲಿಸಿಕೊಳ್ಳಿ. ದಾಟುದಾರಿ ಬೇಡವೆಂದು ಒಪ್ಪಿ ಅದಕ್ಕೆ ಪ್ರತಿಯಾಗಿ ಆ ಕಾಲದಲ್ಲೇ ಪರಿಹಾರ ಪಡೆದಿದ್ದ ಜಮೀನಿಗೆ ಈ ಹಕ್ಕು ಇಲ್ಲ. ರೈಲ್ವೆ ಮೋರಿ ಕಟ್ಟಿಕೊಟ್ಟ ಮೇಲೆ ಹಳ್ಳದ ದಿಕ್ಕನ್ನು ಅದರ ಉಸ್ತುವಾರಿಯವರೇ ಬದಲಿಸಿದ್ದರೆ ಬೇರೆ ಮೋರಿ ಕಟ್ಟಿಕೊಡೆಂದು ಒತ್ತಾಯಿಸಲಾಗದು. ಅಜ್ಜನ ಕಾಲದ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು ಓದುವುದು ಇದಕ್ಕಾಗಿ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರೈಲಿನ ನಿಲುಗಡೆ, ವೇಳೆ, ಬೋಗಿಗಳ ಸಂಖ್ಯೆ ಇವು ಸಂಚಾರ ವಿಭಾಗಕ್ಕೆ ಸೇರಿದವು, ನಿಲುಗಡೆಯ ತೀರ್ಮಾನ ರೈಲ್ವೆ ಮಂಡಳಿಯವರೆಗೂ ಹೋಗಬಹುದು. ಇವುಗಳಿಗೆ ಕೊಂಕಣ ರೈಲ್ವೆ ಬಳಕೆದಾರರ ಸಲಹಾ ಸಮಿತಿಯ ಸದಸ್ಯರನ್ನು ಮತ್ತು ಸಂಸದರನ್ನು ಹಿಡಿಯುವುದು ಒಳ್ಳೆಯದು. ಬೋಗಿಯ ಸ್ವಚ್ಛತೆ, ನೀರು, ಆಸನದ ದೂರುಗಳಿಗೆ ರೈಲ್‌ಮದದ್ ಆ್ಯಪ್ ಅಥವಾ 139 ಸಾಕು. ಭೂಮಿ ಕೊಟ್ಟ ಕುಟುಂಬದವರ ಉದ್ಯೋಗದ ಪ್ರಶ್ನೆ ಬೇರೆಯೇ ಕಡತ, ಅದನ್ನು ಇದಕ್ಕೆ ಅಂಟಿಸಬೇಡಿ.

ಹಂತ 2: ಜಾಗವನ್ನು ರೈಲ್ವೆಯ ಭಾಷೆಯಲ್ಲಿ ಗುರುತಿಸಿ

‘ಮಾಬ್ಲೇಶ್ವರ ಹೆಗಡೆಯವರ ತೋಟದ ಕೆಳಗಿನ ಮೋರಿ’ ಎಂದರೆ ಊರಿಗೆಲ್ಲ ಗೊತ್ತು, ಬೇಲಾಪುರಕ್ಕೆ ಗೊತ್ತಿಲ್ಲ. ರೈಲ್ವೆಯವರು ಜಾಗವನ್ನು ಕಿಲೋಮೀಟರಿನಿಂದ ಗುರುತಿಸುತ್ತಾರೆ. ಈ ಮಾರ್ಗದ ವಿದ್ಯುದೀಕರಣ 2022ರಲ್ಲಿ ಪೂರ್ಣಗೊಂಡ ಮೇಲೆ ನಮಗೆ ಒಂದು ಅನುಕೂಲವಾಗಿದೆ: ಹಳಿಯ ಬದಿಯ ಪ್ರತಿ ವಿದ್ಯುತ್ ಕಂಬಕ್ಕೂ ಒಂದು ಸಂಖ್ಯೆಯ ಫಲಕವಿದೆ. ಅದರಲ್ಲಿ ಮೇಲಿನದು ಕಿಲೋಮೀಟರ್, ಕೆಳಗಿನದು ಆ ಕಿಲೋಮೀಟರಿನೊಳಗೆ ಕಂಬದ ಕ್ರಮಾಂಕ. ಮೋರಿಯ ಎರಡೂ ಬದಿಯ ಕಂಬಗಳ ಸಂಖ್ಯೆ ಬರೆದುಕೊಂಡರೆ ಜಾಗ ಕೆಲವೇ ಮಾರು ಅಂತರದೊಳಗೆ ನಿಖರವಾಗುತ್ತದೆ. ಸೇತುವೆ, ಮೋರಿಗಳ ತಡೆಗೋಡೆಯ ಮೇಲೂ ಸಂಖ್ಯೆ ಬರೆದಿರುತ್ತದೆ, ಪಾಚಿ ಹಿಡಿದಿದ್ದರೆ ಬೇಸಿಗೆಯಲ್ಲಿ ಹೋಗಿ ನೋಡಿ.

ಈ ಸಂಖ್ಯೆಗಳನ್ನು ಹಳಿಯ ಮೇಲೆ ನಡೆದು ಓದಬೇಡಿ. ಅನುಮತಿಯಿಲ್ಲದೆ ರೈಲ್ವೆ ಜಾಗ ಪ್ರವೇಶಿಸುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಸೆರೆ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹತ್ತಿರದ ರಸ್ತೆಯಿಂದಲೋ ನಿಮ್ಮದೇ ಗದ್ದೆಯ ಅಂಚಿನಿಂದಲೋ ಮೊಬೈಲಿನ ಕ್ಯಾಮರಾವನ್ನು ಹಿಗ್ಗಿಸಿ ಫೋಟೋ ತೆಗೆದರೆ ಸಂಖ್ಯೆ ಕಾಣುತ್ತದೆ. ಜೊತೆಗೆ ಜಮೀನಿನ ಸರ್ವೆ ನಂಬರ್ ಬರೆಯಿರಿ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ರಾಜ್ಯ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಪಹಣಿಯ ಪ್ರತಿಯನ್ನೂ ಇಡಿ. ಮೋರಿ ರೈಲ್ವೆಯ ಗಡಿಕಲ್ಲಿನ ಒಳಗಿದೆಯೋ, ಅಥವಾ ಹೂಳು ತುಂಬಿರುವುದು ಗಡಿಕಲ್ಲಿನಿಂದ ಹೊರಗಿನ ಹಳ್ಳದಲ್ಲೋ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹೊರಗಿನದ್ದಾದರೆ ಪಂಚಾಯತಿಯಿಂದ ಹೂಳು ತೆಗೆಸಬೇಕು. ಅದನ್ನು ರೈಲ್ವೆಯ ತಲೆಗೆ ಕಟ್ಟಿದರೆ ಸ್ಥಳ ಪರಿಶೀಲನೆಯ ದಿನವೇ ನಿಮ್ಮ ಇಡೀ ಅರ್ಜಿಯ ಮೇಲಿನ ನಂಬಿಕೆ ಹೋಗುತ್ತದೆ.

ಹಂತ 3: ಒಂದು ಮಳೆಗಾಲದ ದಾಖಲೆ ಮಾಡಿ

ನೀರು ನಿಂತ ಫೋಟೋ ಒಂದನ್ನು ಇಟ್ಟರೆ ಏನೂ ಸಾಬೀತಾಗುವುದಿಲ್ಲ. ಆಷಾಢದಲ್ಲಿ ನಮ್ಮ ಕಡೆ ನೀರು ನಿಲ್ಲದ ಗದ್ದೆ ಎಲ್ಲಿದೆ? ತೋರಿಸಬೇಕಾದದ್ದು ಮಳೆ ನಿಂತ ಮೇಲೂ ಎಷ್ಟು ಹೊತ್ತು ನೀರು ಇಳಿಯಲಿಲ್ಲ ಎಂಬುದನ್ನು. ಇದಕ್ಕೆ ನಾನು ಹೇಳುವ ಉಪಾಯ ಸರಳ: ಒಂದು ಅಡಿಕೆ ದಬ್ಬೆಗೆ ಅರ್ಧ ಅಡಿಗೊಂದರಂತೆ ಬಣ್ಣದ ಗೆರೆ ಹಾಕಿ, ಗದ್ದೆಯಲ್ಲಿ ಒಡ್ಡಿನಿಂದ ದೂರ, ಎಲ್ಲರಿಗೂ ಕಾಣುವ ಕಡೆ ಮೇ ತಿಂಗಳಲ್ಲೇ ನೆಡಿ. ಮಳೆ ಹೊಡೆದ ದಿನ ಬೆಳಿಗ್ಗೆ, ಸಂಜೆ, ಮರುದಿನ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ವಹಿಯಲ್ಲಿ ದಿನಾಂಕ, ಗಂಟೆ, ದಬ್ಬೆಯ ಮೇಲಿನ ಗೆರೆ ಬರೆಯಿರಿ. ಹಳಿಯ ಮೇಲೆ ಹಾದಿರುವ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುವುದರಿಂದ ಉದ್ದದ ದಬ್ಬೆ, ಏಣಿ, ದೋಟಿ ಹಿಡಿದು ಯಾವ ಕಾರಣಕ್ಕೂ ಹಳಿಯ ಹತ್ತಿರ ಹೋಗಬೇಡಿ.

ಅಘನಾಶಿನಿ ಹೊಳೆಯ ಸುತ್ತಿನ ಗಜನಿ (ಉಪ್ಪುನೀರಿನ ತಗ್ಗು ಗದ್ದೆ) ಭೂಮಿಯವರಿಗೆ ಒಂದು ಹೆಚ್ಚಿನ ಮಾತು. ನಿಮ್ಮಲ್ಲಿ ನೀರು ಏರುವುದಕ್ಕೆ ಮಳೆಯೊಂದೇ ಕಾರಣವಲ್ಲ, ಉಬ್ಬರವೂ ಕಾರಣ. ಗಜನಿಯ ಕಟ್ಟೆಯ ಹಲಗೆ ಸರಿಯಿಲ್ಲದೆ ಉಪ್ಪುನೀರು ನುಗ್ಗಿದ್ದಕ್ಕೆ ರೈಲ್ವೆ ಮೋರಿಯನ್ನು ದೂರಿದರೆ ನಿಲ್ಲುವುದಿಲ್ಲ. ವಹಿಯಲ್ಲಿ ಉಬ್ಬರ, ಇಳಿತದ ಹೊತ್ತನ್ನೂ ಬರೆಯಿರಿ. ಇಳಿತ ಪೂರ್ತಿ ಆದಮೇಲೂ ಒಡ್ಡಿನ ಮೇಲ್ಗಡೆ ಮೂರು ಗೆರೆ ನೀರು, ಕೆಳಗಡೆ ಒಂದೇ ಗೆರೆ ನೀರು ಎಂದಿದ್ದರೆ, ತಡೆ ಇರುವುದು ಮೋರಿಯಲ್ಲೇ ಎಂದು ಎಂಜಿನಿಯರನಿಗೆ ಬೇರೆ ಹೇಳಬೇಕಾಗುವುದಿಲ್ಲ. ಹಾಗಾಗಿ ಸಾಧ್ಯವಿದ್ದರೆ ಎರಡೂ ಬದಿ ಒಂದೊಂದು ದಬ್ಬೆ ನೆಡಿ.

ಮಳೆಯ ಅಳತೆಗೆ ನಿಮ್ಮ ನೆನಪಿಗಿಂತ ಸರ್ಕಾರದ ಅಂಕಿ ಮೇಲು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಕೊಂಕಣ ರೈಲ್ವೆಯೂ ತನ್ನ ಮಳೆಗಾಲದ ಸುರಕ್ಷತೆಗಾಗಿ ಕಾರವಾರ, ಭಟ್ಕಳ ಸೇರಿ ಕೆಲವು ನಿಲ್ದಾಣಗಳಲ್ಲಿ ತಾನೇ ದಾಖಲಿಸುವ ಮಳೆಮಾಪಕಗಳನ್ನು ಅಳವಡಿಸಿದೆ. ನಿಮ್ಮ ವಹಿಯ ಅದೇ ದಿನಗಳ ಅಂಕಿಯನ್ನು ಎರಡೂ ಕಡೆಯಿಂದ ಕೇಳಿ ಪಡೆಯಬಹುದು.

ಹಂತ 4: ಕಂಪನಿಯ ವರದಿಯನ್ನು ಓದಿ

ಇದು ಬೇಸರದ ಕೆಲಸ, ಆದರೆ ಒಂದು ಸಂಜೆ ಸಾಕು. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳು 2022-23ರಿಂದ ಕಡ್ಡಾಯವಾಗಿ ‘ಬಿಆರ್‌ಎಸ್‌ಆರ್’ ಎಂಬ ವರದಿ ಕೊಡಬೇಕು. ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಎಂದು ಅದರ ಅರ್ಥ. ಅದು ಒಂಬತ್ತು ತತ್ತ್ವಗಳ ಮೇಲೆ ನಿಂತಿದೆ, ನಾಲ್ಕನೆಯದು ಹಿತಸಂಬಂಧಿಗಳದ್ದು, ಆರನೆಯದು ಪರಿಸರದ್ದು. ಐಆರ್‌ಸಿಟಿಸಿ, ಕಾನ್‌ಕಾರ್, ಇರ್ಕಾನ್‌ನಂಥ ರೈಲ್ವೆ ಕಂಪನಿಗಳ ವರದಿಯಲ್ಲಿ ಇದನ್ನು ನೋಡಬಹುದು. ಕೊಂಕಣ ರೈಲ್ವೆ ನಿಗಮದ ಷೇರುಗಳು ಪೇಟೆಯಲ್ಲಿ ಇಲ್ಲವಾದ್ದರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ಆ ನಿಯಮ ಅದಕ್ಕೆ ತಟ್ಟುವುದಿಲ್ಲ. ಹಾಗೆಂದು ಬಿಡಬೇಕಾಗಿಲ್ಲ. ಸರ್ಕಾರಿ ಕಂಪನಿಯಾದ್ದರಿಂದ ಅದರ ವಾರ್ಷಿಕ ವರದಿ ಸಂಸತ್ತಿನ ಮುಂದೆ ಹೋಗುತ್ತದೆ, ನಿರ್ದೇಶಕರ ವರದಿಯಲ್ಲಿ ಇಂಧನ ಉಳಿತಾಯದ ಬಗ್ಗೆ ಒಂದು ಭಾಗ ಇರಲೇಬೇಕು.

ಓದುವಾಗ ಪೆನ್ಸಿಲ್ ಹಿಡಿದು, ‘ನಾವು ಇಂಥದ್ದನ್ನು ಮಾಡಿದ್ದೇವೆ’ ಎಂಬ ವಾಕ್ಯಗಳ ಕೆಳಗೆ ಗೆರೆ ಹಾಕಿ. ಚರಂಡಿ ಸ್ವಚ್ಛತೆ, ಇಳಿಜಾರು ಭದ್ರತೆ, ಗಿಡ ನೆಡುವಿಕೆ, ನೀರಿನ ಕೊಯ್ಲು ಇಂಥವು. ಗೆರೆ ಹಾಕಿದ ಪ್ರತಿ ವಾಕ್ಯವೂ ನಿಮಗೆ ಒಂದು ಪ್ರಶ್ನೆ: ಇದು ನಮ್ಮ ಕುಮಟಾ–ಹೊನ್ನಾವರ ಭಾಗದಲ್ಲಿ ಎಲ್ಲಿ, ಯಾವಾಗ ನಡೆಯಿತು? ಕಂಪನಿ ತಾನೇ ಬರೆದ ಮಾತನ್ನು ಪುಟ ಸಂಖ್ಯೆ ಸಮೇತ ಪತ್ರದಲ್ಲಿ ಎತ್ತಿದರೆ ಉತ್ತರ ಬರೆಯುವ ಅಧಿಕಾರಿ ಕಡತವನ್ನು ತೆರೆಯಲೇಬೇಕಾಗುತ್ತದೆ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಮಿತಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ಖರ್ಚುಮಾಡಬೇಕು, ಅದರಲ್ಲಿ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಾಲೆಗೆ ಶೌಚಾಲಯ, ಆರೋಗ್ಯ ಶಿಬಿರ ಇವನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮೋರಿಯ ಹೂಳು ತೆಗೆಯುವುದು ಕಂಪನಿಯ ಕರ್ತವ್ಯ, ದಾನವಲ್ಲ. ಒಂದೇ ಪತ್ರದಲ್ಲಿ ಎರಡನ್ನೂ ಕೇಳಿ, ಶಾಲೆಗೆ ನಾಲ್ಕು ಬೆಂಚು ಬಂದಾಗ ಸನ್ಮಾನ ಮಾಡಿ, ಮೋರಿಯನ್ನು ಮರೆತ ಊರುಗಳಿವೆ.

ಹಂತ 5: ಗ್ರಾಮಸಭೆಯ ಠರಾವು ಮಾಡಿಸಿ

ಒಬ್ಬರ ಗದ್ದೆಯ ವಿಷಯವಾದರೆ ಅವರೊಬ್ಬರೇ ಬರೆಯಬಹುದು. ಐದಾರು ಮನೆಗಳಿಗೆ ತಟ್ಟುವ ವಿಷಯವಾದರೆ ಗ್ರಾಮಸಭೆಯ ಠರಾವಿಗೆ ಇನ್ನೂರು ಸಹಿಗಳಿಗಿಂತ ತೂಕ ಹೆಚ್ಚು, ಏಕೆಂದರೆ 17ನೇ ಕಲಮಿನಲ್ಲಿ ಸ್ಥಳೀಯ ಸಂಸ್ಥೆಗೆ ತನ್ನದೇ ಸ್ಥಾನವಿದೆ. ಸಭೆಯ ಮೊದಲು ಪಿಡಿಒ ಅವರಿಗೆ ವಿಷಯವನ್ನು ಲಿಖಿತವಾಗಿ ಕೊಟ್ಟು ಕಾರ್ಯಸೂಚಿಯಲ್ಲಿ ಸೇರಿಸಲು ಹೇಳಿ. ಕೊನೆಯ ಗಳಿಗೆಯಲ್ಲಿ ‘ಇತರೆ ವಿಷಯ’ ಎಂದು ಬಂದ ಠರಾವನ್ನು ಯಾರೂ ಗಂಭೀರವಾಗಿ ಓದುವುದಿಲ್ಲ. ಕೋರಂ ಇದ್ದದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿ, ದೃಢೀಕೃತ ಪ್ರತಿ ಪಡೆಯಿರಿ. ಸಭೆಗೆ ಬರಲಾಗದವರನ್ನೂ ಮೊದಲೇ ಕೇಳಿಕೊಳ್ಳಿ: ಹಳಿ ದಾಟಿ ಸೊಪ್ಪು ತರುವ ಹೆಂಗಸರು, ಒಡ್ಡಿನಾಚೆ ದನ ಮೇಯಿಸುವವರು, ಗೇಣಿಗೆ ಸಾಗುವಳಿ ಮಾಡುವವರು. ಕಂಪನಿ ನಮ್ಮನ್ನು ಕೇಳಲಿಲ್ಲ ಎಂದು ದೂರುವ ನಾವು ಅವರನ್ನು ಕೇಳದೆ ಠರಾವು ಬರೆಯುವುದು ಚೆನ್ನಾಗಿ ಕಾಣುವುದಿಲ್ಲ.

ಹಂತ 6: ಪತ್ರ ಬರೆಯಿರಿ

ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ಪುಟ, ಉಳಿದದ್ದೆಲ್ಲ ಲಗತ್ತು. ಕನ್ನಡದಲ್ಲಿ ಬರೆಯಿರಿ, ಕಡತ ಬೇಲಾಪುರಕ್ಕೆ ಹೋದರೂ ನಿಲ್ಲದಂತೆ ಜೊತೆಗೆ ಇಂಗ್ಲಿಷಿನ ಅರ್ಧ ಪುಟದ ಸಾರಾಂಶ ಇಡಿ. ಮಾದರಿಗೆ ಹೀಗೆ:

‘ಮಾನ್ಯರೇ, ಕುಮಟಾ ತಾಲೂಕಿನ ನಮ್ಮ ಗ್ರಾಮದ ಸರ್ವೆ ನಂಬರ್ (ಇಂತಿಷ್ಟು) ಪಕ್ಕದಲ್ಲಿ, ವಿದ್ಯುತ್ ಕಂಬ ಸಂಖ್ಯೆ (ಇಂಥದ್ದು) ಮತ್ತು (ಇಂಥದ್ದು) ನಡುವೆ ಇರುವ ಮೋರಿಯಲ್ಲಿ ಹೂಳು ತುಂಬಿ ನೀರು ಹರಿಯುವುದು ನಿಂತಿದೆ. ಕಳೆದ ಮಳೆಗಾಲದಲ್ಲಿ (ಇಷ್ಟು) ದಿನ ಮಳೆ ನಿಂತು ಇಡೀ ದಿನ ಕಳೆದರೂ ಗದ್ದೆಯ ನೀರು ಇಳಿದಿಲ್ಲ, ವಹಿಯ ನಕಲು ಮತ್ತು ಫೋಟೋಗಳನ್ನು ಲಗತ್ತಿಸಿದೆ. ಇದು 1989ರ ರೈಲ್ವೆ ಕಾಯ್ದೆಯ 16(1)ನೇ ಕಲಮಿನಡಿಯ ನಿರ್ವಹಣೆಯ ವಿಷಯವಾಗಿದ್ದು, ಹೊಸ ಕಾಮಗಾರಿಯ ಬೇಡಿಕೆಯಲ್ಲ. ಬರುವ ಮೇ ತಿಂಗಳೊಳಗೆ ಹೂಳು ತೆಗೆಸಬೇಕೆಂದೂ, ಅದಕ್ಕೆ ಮೊದಲು ಜಂಟಿ ಸ್ಥಳ ಪರಿಶೀಲನೆಗೆ ದಿನಾಂಕ ತಿಳಿಸಬೇಕೆಂದೂ ಕೋರುತ್ತೇವೆ.’

ಇಷ್ಟು ಸಾಕು. ‘ರೈತ ದೇಶದ ಬೆನ್ನೆಲುಬು’ ಎಂದು ಶುರುಮಾಡಬೇಡಿ, ರೈಲ್ ರೋಕೋ ಬೆದರಿಕೆಯನ್ನಂತೂ ಬರೆಯಲೇಬೇಡಿ. ಹಳಿ ತಡೆಯುವುದು ಅದೇ ಕಾಯ್ದೆಯಡಿ ಶಿಕ್ಷಾರ್ಹ, ನಿಮ್ಮ ಪತ್ರವೇ ಸಾಕ್ಷಿಯಾಗುತ್ತದೆ.

ಕೊಡುವ ಕಾಲವೂ ಮುಖ್ಯ. ಜುಲೈಯಲ್ಲಿ ಕೊಟ್ಟ ಅರ್ಜಿಗೆ ‘ಮಳೆ ಮುಗಿಯಲಿ’ ಎಂಬ ಉತ್ತರ ಸಹಜ. ಮಳೆಗಾಲದ ವೇಳಾಪಟ್ಟಿ ಜೂನ್‌ನಲ್ಲಿ ಜಾರಿಗೆ ಬರುವ ಮುನ್ನ ಮಾರ್ಗದುದ್ದಕ್ಕೂ ಚರಂಡಿ ಸ್ವಚ್ಛತೆ, ಸಡಿಲ ಬಂಡೆ ತೆಗೆಯುವ ಕೆಲಸ ನಡೆಯುತ್ತದೆ. ಆ ಕೆಲಸದ ಪಟ್ಟಿಗೆ ನಿಮ್ಮ ಮೋರಿ ಸೇರಬೇಕಾದರೆ ಪತ್ರ ಜನವರಿ, ಫೆಬ್ರುವರಿಯಲ್ಲೇ ತಲುಪಿರಬೇಕು. ಒಂದು ಪ್ರತಿ ಪ್ರಾದೇಶಿಕ ವ್ಯವಸ್ಥಾಪಕರಿಗೆ, ಒಂದು ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಅಂಚೆಯಾದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಹಂತ 7: ಉತ್ತರ ಬಾರದಿದ್ದರೆ

ಕೇಂದ್ರದ ಕುಂದುಕೊರತೆ ಜಾಲತಾಣ ಸಿಪಿಗ್ರಾಮ್ಸ್‌ನಲ್ಲಿ ರೈಲ್ವೆ ಸಚಿವಾಲಯವನ್ನು ಆರಿಸಿ ದೂರು ದಾಖಲಿಸಿ. 2024ರ ಮಾರ್ಗಸೂಚಿಯಂತೆ ಇತ್ಯರ್ಥಕ್ಕೆ 21 ದಿನಗಳ ಗಡುವಿದೆ, ಉತ್ತರ ತೃಪ್ತಿಯಾಗದಿದ್ದರೆ ಅಲ್ಲಿಯೇ ಮೇಲ್ಮನವಿ ಹಾಕಬಹುದು.

ಇದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ, ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದೆಂದು ಕಾಯ್ದೆಯ 6ನೇ ಕಲಮಿನಲ್ಲೇ ಇರುವುದರಿಂದ ಕನ್ನಡದ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ.

ಎಲ್ಲರೂ ಎಡವುವುದು ಪ್ರಶ್ನೆಯಲ್ಲಿ. ‘ನಮ್ಮ ಮೋರಿಯ ಹೂಳು ಏಕೆ ತೆಗೆದಿಲ್ಲ?’ ಎಂದು ಕೇಳಿದರೆ, ಅದು ಮಾಹಿತಿಯಲ್ಲ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು ಮಾತ್ರ. ಹೀಗೆ ಕೇಳಿ: ಇಂಥ ಸಂಖ್ಯೆಯ ಮೋರಿಯ ಕಳೆದ ಮೂರು ವರ್ಷದ ಪರಿಶೀಲನಾ ದಾಖಲೆಯ ನಕಲು, ಆ ಭಾಗದ ಮಳೆಗಾಲ ಪೂರ್ವ ಚರಂಡಿ ಸ್ವಚ್ಛತೆಯ ಕಾರ್ಯಾದೇಶದ ನಕಲು, ಮಳೆಮಾಪಕದ ಇಂಥ ದಿನಾಂಕಗಳ ಅಂಕಿ, ನಮ್ಮ ಇಂಥ ದಿನಾಂಕದ ಪತ್ರದ ಮೇಲೆ ಬರೆದ ಟಿಪ್ಪಣಿಗಳ ನಕಲು. ಕೊನೆಯದು ಬಹಳ ಉಪಯುಕ್ತ, ಪತ್ರ ಯಾವ ಮೇಜಿನಲ್ಲಿ ಮಲಗಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಹೊಳೆ ಮಲಿನವಾಗುವುದು, ಮಣ್ಣು ಸುರಿದು ಹಳ್ಳ ಮುಚ್ಚುವುದು ಇಂಥ ಪರಿಸರ ಹಾನಿಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ಮೂಲ ಅರ್ಜಿಗೆ ಆರು ತಿಂಗಳ ಕಾಲಮಿತಿ ಇರುವುದನ್ನು ಮರೆಯಬೇಡಿ, ವಕೀಲರ ಸಲಹೆ ಪಡೆದೇ ಮುಂದುವರಿಯಿರಿ.

ಹಂತ 8: ಜಂಟಿ ಪರಿಶೀಲನೆಯ ದಿನ

ಅಧಿಕಾರಿಗಳು ಬರುವ ದಿನ ಐವತ್ತು ಜನ ಸೇರಿ ಕೂಗಾಡಿದರೆ ಅವರು ಚಹಾ ಕುಡಿದು ಹೊರಡುತ್ತಾರೆ. ಮೂರು ಜನ ಸಾಕು: ವಹಿ ಬರೆದವರು, ಹಳ್ಳದ ಹಳೆಯ ಹರಿವು ಬಲ್ಲ ಹಿರಿಯರೊಬ್ಬರು, ಪಂಚಾಯತಿಯವರೊಬ್ಬರು. ಬಂದವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ‘ಮಾಡಿಸೋಣ’ ಎಂಬ ಬಾಯಿಮಾತಿಗೆ ತೃಪ್ತರಾಗದೆ, ಏನು, ಯಾರು, ಯಾವ ತಿಂಗಳೊಳಗೆ ಎಂಬ ಮೂರು ಸಾಲಿನ ಟಿಪ್ಪಣಿ ಅಲ್ಲಿಯೇ ಬರೆದು ಸಹಿ ಕೇಳಿ. ಸಹಿ ಹಾಕಲು ಹಿಂಜರಿದರೆ ಜಗಳ ಬೇಡ. ಅದೇ ಸಂಜೆ ‘ಇಂದಿನ ಪರಿಶೀಲನೆಯಲ್ಲಿ ತಾವು ತಿಳಿಸಿದಂತೆ’ ಎಂದು ಆರಂಭಿಸಿ ಕಚೇರಿಗೆ ಮಿಂಚಂಚೆ ಕಳಿಸಿ. ಅವರು ಅದನ್ನು ಅಲ್ಲಗಳೆಯದಿದ್ದರೆ ಅದೇ ದಾಖಲೆ.

ಹೊಸ ಮಾರ್ಗಗಳ ಬಗ್ಗೆ ಕೇಳುವವರಿಗೆ

ಶಿರಸಿ, ಯಲ್ಲಾಪುರ, ಅಂಕೋಲಾ ಕಡೆಯವರು ಹುಬ್ಬಳ್ಳಿ–ಅಂಕೋಲಾ ಮಾರ್ಗದ ಬಗ್ಗೆ ಇದೇ ಪ್ರಶ್ನೆ ಕೇಳುತ್ತಾರೆ. ಅದು ಕೊಂಕಣ ರೈಲ್ವೆಯದ್ದಲ್ಲ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಯದ್ದು. ಪಶ್ಚಿಮ ಘಟ್ಟದ ಕಾಡನ್ನು ಹಾಯುವ ಸುಮಾರು 164 ಕಿಲೋಮೀಟರಿನ ಈ ಯೋಜನೆಗೆ 1990ರ ದಶಕದಿಂದ ಪರ–ವಿರೋಧ ಎರಡೂ ಇವೆ. ನಾನಿಲ್ಲಿ ಪಕ್ಷ ವಹಿಸುವುದಿಲ್ಲ, ಯಾವ ಪಕ್ಷದವರಾದರೂ ತಿಳಿದಿರಬೇಕಾದ ಎರಡು ಸಂಗತಿ ಹೇಳುತ್ತೇನೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ರೈಲುಮಾರ್ಗಗಳು ಇಲ್ಲದ್ದರಿಂದ, ಗಣಿ ಅಥವಾ ಬಂದರಿಗೆ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆ ರೈಲುಮಾರ್ಗಕ್ಕೆ ಅದರಡಿ ಕಡ್ಡಾಯವಲ್ಲ. ಆ ಸಭೆಗಾಗಿ ಕಾಯುತ್ತ ಕುಳಿತವರಿಗೆ ಅದು ಬರುವುದೇ ಇಲ್ಲ. ಅರಣ್ಯ ಭೂಮಿಯ ಅನುಮತಿಯ ಕಾಗದಗಳು ಮಾತ್ರ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ, ಅವನ್ನು ಓದಿ ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು.

ಎರಡನೆಯದು ಜಮೀನು. ವಿಶೇಷ ರೈಲ್ವೆ ಯೋಜನೆ ಎಂದು ಘೋಷಿಸಿ ರೈಲ್ವೆ ಕಾಯ್ದೆಯಡಿ ಭೂಸ್ವಾಧೀನಕ್ಕೆ 20ಎ ಕಲಮಿನ ಅಧಿಸೂಚನೆ ಹೊರಟರೆ, ಅದು ಪ್ರಕಟವಾದ ದಿನದಿಂದ ಆಕ್ಷೇಪಣೆಗೆ 30 ದಿನ ಮಾತ್ರ. ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಿಗೆ ಕಾರಣಗಳ ಸಮೇತ ಬರಹದಲ್ಲಿ ಕೊಡಬೇಕು, ಅವರು ನಿಮಗೆ ಮಾತನಾಡಲು ಅವಕಾಶ ಕೊಡಬೇಕು. ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದು. ಪತ್ರಿಕೆ ಕೈಗೆ ಬಂದ ದಿನದಿಂದ ದಿನ ಎಣಿಸಬೇಡಿ, ಸಾರಾಂಶದಲ್ಲಿ ನಮೂದಾಗಿರುವ ರಾಜಪತ್ರದ ದಿನಾಂಕ ನೋಡಿ ಎಣಿಸಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಅಣ್ಣತಮ್ಮಂದಿರ ಹೆಸರು ಪಹಣಿಯಲ್ಲಿ ಜಂಟಿಯಾಗಿದ್ದರೆ ಅವರ ಸಹಿ ತರಿಸಲು ಬೇಕಾಗುವ ವಾರವನ್ನೂ ಆ ಮೂವತ್ತರೊಳಗೇ ಹಿಡಿದುಕೊಳ್ಳಿ.